ಮರಳಿ ಬರುವ ರಾಕೆಟ್ಟು, ಮೇಲೆಯೇ ಉಳಿಯುವ ಬಲೆ

ಬಾಹ್ಯಾಕಾಶದ ಕಡೆಗೆ ಏರಿದ ರಾಕೆಟ್ಟಿನ ಒಂದು ಭಾಗವು ಮರಳಿ ಬಂದು ನೆಲದ ಮೇಲೆ ನೆಟ್ಟಗೆ ನಿಲ್ಲುವ ದೃಶ್ಯವು ಕಳೆದ ಹತ್ತು ವರ್ಷಗಳಲ್ಲಿ ಲೋಕದ ಬಹಳಷ್ಟು ಜನರ ಮುಖವನ್ನು ಆಕಾಶದ ಕಡೆಗೆ ತಿರುಗಿಸಿದೆ. ಅದೇ ರಾಕೆಟ್ಟು ಹೊತ್ತೊಯ್ಯುವ ಅಂತರ್ಜಾಲ ಉಪಗ್ರಹಗಳು ಅದೇ ಆಕಾಶದ ಸ್ವರೂಪವನ್ನು ಬದಲಿಸುತ್ತಿವೆ. ಈ ಎರಡನ್ನೂ ಬಿಡಿಬಿಡಿಯಾಗಿ ನೋಡಿದರೆ ಒಂದು ಸಂಭ್ರಮವಾಗಿಯೂ ಇನ್ನೊಂದು ಆಕ್ಷೇಪವಾಗಿಯೂ ಉಳಿದುಬಿಡುತ್ತದೆ. ಕೆಳಗಿನ ಸಂವಾದವು ಅವನ್ನು ಒಟ್ಟಿಗೆ ಇಟ್ಟು ನೋಡುತ್ತದೆ. ಮಾತನಾಡುವವರು ಇಬ್ಬರು: ಒಬ್ಬರು ರಾಕೆಟ್ ವಿದ್ಯೆಯನ್ನು ಬಲ್ಲ ತಂತ್ರಜ್ಞ, ಇನ್ನೊಬ್ಬರು ದೂರದರ್ಶಕವನ್ನು ಹೊತ್ತು ಕತ್ತಲೆಯ ಊರುಗಳನ್ನು ಹುಡುಕಿಕೊಂಡು ಹೋಗುವ, ಉಡಾವಣೆಗಳ ನೇರಪ್ರಸಾರವನ್ನೂ ಅಷ್ಟೇ ಶ್ರದ್ಧೆಯಿಂದ ನೋಡುವ ವೀಕ್ಷಕಿ.

ವೀಕ್ಷಕಿ: 2015ರ ಡಿಸೆಂಬರ್ 21ರ ರಾತ್ರಿ ಅಮೆರಿಕದ ಫ್ಲಾರಿಡಾ ಕರಾವಳಿಯ ಕೇಪ್ ಕೆನಾವರಲ್‌ನಿಂದ ಏರಿದ ಫಾಲ್ಕನ್-9 ರಾಕೆಟ್ಟು 11 ಸಣ್ಣ ಸಂಪರ್ಕ ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಆ ಉಪಗ್ರಹಗಳು ಇಂದು ಹೆಚ್ಚಿನವರ ನೆನಪಿನಲ್ಲಿಲ್ಲ. ನೆನಪಿರುವುದು ಏರಿದ ಸುಮಾರು ಹತ್ತು ನಿಮಿಷಗಳಲ್ಲಿ ಬೆಂಕಿಯನ್ನು ಕೆಳಮುಖವಾಗಿ ಉಗುಳುತ್ತ ಹಿಂದಿರುಗಿ, ಹೊರಟ ಜಾಗದಿಂದ ತುಸು ದೂರದಲ್ಲಿ ನಾಲ್ಕು ಕಾಲೂರಿ ನಿಂತ ಆ ಉದ್ದನೆಯ ಕಂಬ. ಏರುವಿಕೆಗಿಂತ ಇಳಿಯುವಿಕೆಯೇ ಜನಮನವನ್ನು ಹೆಚ್ಚು ಹಿಡಿದದ್ದಕ್ಕೆ ಕಾರಣವೇನಿರಬಹುದು?

ತಂತ್ರಜ್ಞ: ಏರುವುದನ್ನು ಜನರು 1957ರ ಸ್ಪುಟ್ನಿಕ್‌ನಿಂದಲೂ ಬಲ್ಲರು, ಆದರೆ ಏರಿದ ರಾಕೆಟ್ಟು ಸಮುದ್ರಕ್ಕೆ ಬೀಳುತ್ತದೆ ಇಲ್ಲವೆ ಸುಟ್ಟುಹೋಗುತ್ತದೆ ಎಂಬುದನ್ನು ನಿಯಮವೆಂಬಂತೆ ಒಪ್ಪಿಕೊಂಡಿದ್ದರು. ಆ ನಿಯಮ ಮುರಿದದ್ದು ಕಣ್ಣಿಗೆ ಕಾಣಿಸಿತು ಎನ್ನುವುದೇ ಮೊದಲ ಕಾರಣ. ಇಳಿಯುವುದು ಎಷ್ಟು ಕಷ್ಟ ಎಂಬುದು ನೋಡುವವರಿಗೆ ಲೆಕ್ಕವಿಲ್ಲದೆಯೇ ಅರ್ಥವಾಗುತ್ತದೆ ಎನ್ನುವುದು ಎರಡನೆಯದು, ಏಕೆಂದರೆ ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಲು ಪ್ರಯತ್ನಿಸದ ಮಕ್ಕಳಿಲ್ಲ.

ವೀಕ್ಷಕಿ: ಆ ಕೋಲಿನ ಉಪಮೆ ಎಷ್ಟರ ಮಟ್ಟಿಗೆ ನಿಜ?

ತಂತ್ರಜ್ಞ: ನಿಜ ಸ್ಥಿತಿ ಅದಕ್ಕಿಂತಲೂ ಕಠಿಣ. ಫಾಲ್ಕನ್-9ರ ಒಟ್ಟು ಎತ್ತರ 70 ಮೀಟರ್, ಅಗಲ 3.7 ಮೀಟರ್, ಹೊರಡುವಾಗಿನ ತೂಕ ಸುಮಾರು 550 ಟನ್; ಆ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮೀರಿದ್ದು ಶುದ್ಧೀಕರಿಸಿದ ಸೀಮೆಎಣ್ಣೆ ಮತ್ತು ಅದನ್ನು ಉರಿಸಲು ಬೇಕಾದ ದ್ರವರೂಪದ ಆಮ್ಲಜನಕ. ರಾಕೆಟ್ಟು ಒಂದರ ಮೇಲೊಂದು ಕೂರಿಸಿದ ಎರಡು ಹಂತಗಳಿಂದಾಗಿದೆ. ಒಂಬತ್ತು ಎಂಜಿನ್‌ಗಳಿರುವ ಕೆಳಗಿನ ಹಂತವನ್ನು ಬೂಸ್ಟರ್ ಎನ್ನುತ್ತಾರೆ. ಅದು ಸುಮಾರು ಎರಡೂವರೆ ನಿಮಿಷ ಉರಿದು, ಅರವತ್ತು ಎಪ್ಪತ್ತು ಕಿಲೋಮೀಟರ್ ಎತ್ತರದಲ್ಲಿ ಬೇರ್ಪಡುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 8,000 ಕಿಲೋಮೀಟರ್. ಮೇಲಿನ ಹಂತವು ಉಪಗ್ರಹಗಳನ್ನು ಹೊತ್ತು ಮುಂದುವರಿಯುವಾಗ, ಬೂಸ್ಟರ್ ಮೊದಲು ಮೈತಿರುಗಿಸಿಕೊಳ್ಳುತ್ತದೆ. ದಟ್ಟವಾದ ಗಾಳಿಯನ್ನು ಹೊಗುವ ಮುಂಚೆ ಮೂರು ಎಂಜಿನ್‌ಗಳನ್ನು ಉರಿಸಿ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಹಾಗೆ ಮಾಡದಿದ್ದರೆ ಗಾಳಿಯ ಉಜ್ಜಾಟದ ಶಾಖದಲ್ಲಿ ಅದು ಉಳಿಯದು. ಬಳಿಕ ತುದಿಯಲ್ಲಿರುವ, ಜಾಲರಿಯಂತೆ ಹೆಣೆದ ನಾಲ್ಕು ಟೈಟೇನಿಯಂ ರೆಕ್ಕೆಗಳನ್ನು ಹೊರಳಿಸುತ್ತ ದಾರಿಯನ್ನು ಸರಿಪಡಿಸಿಕೊಳ್ಳುತ್ತದೆ. ಕೊನೆಯಲ್ಲಿ ಉರಿಯುವುದು ನಡುವಿನ ಒಂದೇ ಎಂಜಿನ್. ಬಹುಪಾಲು ಬರಿದಾದ ಬೂಸ್ಟರ್ ಎಷ್ಟು ಹಗುರವಾಗಿರುತ್ತದೆಂದರೆ, ಆ ಒಂದು ಎಂಜಿನ್ ತನ್ನ ಕನಿಷ್ಠ ಬಲದಲ್ಲಿ ಉರಿದರೂ ಅದರ ನೂಕುಬಲ ಬೂಸ್ಟರಿನ ತೂಕವನ್ನು ಮೀರಿರುತ್ತದೆ. ಆದ್ದರಿಂದ ಹೆಲಿಕಾಪ್ಟರಿನಂತೆ ಗಾಳಿಯಲ್ಲಿ ನಿಂತು, ಜಾಗ ನೋಡಿ, ಮೆಲ್ಲಗೆ ಇಳಿಯುವ ಅವಕಾಶವೇ ಅದಕ್ಕಿಲ್ಲ. ವೇಗ ಸೊನ್ನೆಯಾಗುವ ಕ್ಷಣವೂ ಎತ್ತರ ಸೊನ್ನೆಯಾಗುವ ಕ್ಷಣವೂ ಒಂದೇ ಆಗಬೇಕು. ತುಸು ಬೇಗ ಉರಿಸಿದರೆ ಬೂಸ್ಟರ್ ನೆಲ ಮುಟ್ಟದೆ ಮತ್ತೆ ಮೇಲೇಳುತ್ತದೆ, ತುಸು ತಡವಾದರೆ ನೆಲಕ್ಕೆ ಅಪ್ಪಳಿಸುತ್ತದೆ. ಈ ಕಾರಣದಿಂದಲೇ ಈ ಬಗೆಯ ಇಳಿಯುವಿಕೆಯಲ್ಲಿ ಎರಡನೆಯ ಪ್ರಯತ್ನವೆಂಬುದು ಇಲ್ಲ.

ವೀಕ್ಷಕಿ: ಹಾಗಿದ್ದರೂ ಫಾಲ್ಕನ್-9ನ್ನು ಕಟ್ಟಿದ ಸ್ಪೇಸ್‌ಎಕ್ಸ್ ಕಂಪನಿಯ ಬಗ್ಗೆ ಜನರ ಪ್ರೀತಿ ಬೆಳೆದದ್ದು ಗೆಲುವಿನಿಂದಷ್ಟೇ ಅಲ್ಲ ಎಂದು ತೋರುತ್ತದೆ. ನಡುಗಡಲಿನ ದೋಣಿಕಟ್ಟೆಯ ಮೇಲೆ ಬೂಸ್ಟರ್‌ಗಳು ವಾಲಿ ಸಿಡಿದದ್ದನ್ನು, ಕಾಲು ಮಡಚಿ ಉರುಳಿದ್ದನ್ನು ಸ್ಪೇಸ್‌ಎಕ್ಸ್ ತಾನೇ ಒಂದು ವಿಡಿಯೊವಾಗಿ ಜೋಡಿಸಿ 2017ರಲ್ಲಿ ಹೊರತಂದಿತು. ಸೋಲನ್ನು ಮುಚ್ಚಿಡದ ಕೆಲಸಕ್ಕೆ ನೋಡುವವರು ಪಾಲುದಾರರಂತೆ ಅಂಟಿಕೊಳ್ಳುತ್ತಾರೆ. ಬೆಂಗಳೂರು ಇದನ್ನು ಬೇರೊಂದು ರೀತಿಯಲ್ಲಿ ಕಂಡಿದೆ: 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪೀಣ್ಯದ ನಿಯಂತ್ರಣ ಕೇಂದ್ರದ ಪರದೆಯ ಮೇಲೆ ಚಂದ್ರಯಾನ-2ರ ವಿಕ್ರಮ್ ಇಳಿಯುನೌಕೆಯ ಸಂಕೇತ ನಿಂತುಹೋದದ್ದನ್ನು ದೇಶವೇ ಎಚ್ಚರವಾಗಿದ್ದು ನೋಡಿತು, ನಾಲ್ಕು ವರ್ಷಗಳ ಬಳಿಕ, 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಎದ್ದ ಸಂತೋಷದಲ್ಲಿ ಆ ಹಿಂದಿನ ರಾತ್ರಿಯ ನೋವೂ ಸೇರಿಕೊಂಡಿತ್ತು. ಸೋಲನ್ನು ಕಂಡಿರದ ಜನಕ್ಕೆ ಅಷ್ಟು ಆಳವಾದ ಸಂತೋಷ ಸಾಧ್ಯವಾಗುತ್ತಿರಲಿಲ್ಲ.

ತಂತ್ರಜ್ಞ: ಒಪ್ಪಬೇಕಾದ ಮಾತು. ಆದರೆ ಒಂದು ತೊಡಕನ್ನೂ ಗಮನಿಸಬೇಕು. ಜನರ ಉತ್ಸಾಹವು ಮೊದಲ ಇಳಿಯುವಿಕೆಯನ್ನು ಮಾತ್ರ ಮಹತ್ವದ್ದೆಂದು ಎಣಿಸುತ್ತದೆ. ತಂತ್ರದ ದೃಷ್ಟಿಯಲ್ಲಿ ಮಹತ್ವ ಬಂದದ್ದು ನೂರನೆಯ, ಇನ್ನೂರನೆಯ ಇಳಿಯುವಿಕೆಗೆ, ಅಂದರೆ ಯಾರೂ ನೋಡದಿದ್ದ ಇಳಿಯುವಿಕೆಗಳಿಗೆ. ಮರಳಿದ ಯಂತ್ರ ಮತ್ತೆ ಹಾರದಿದ್ದರೆ ಅದು ವಸ್ತುಸಂಗ್ರಹಾಲಯದ ವಸ್ತುವಷ್ಟೆ. ಒಮ್ಮೆ ಹಾರಿದ ಬೂಸ್ಟರ್ ಮತ್ತೆ ಹಾರಿದ್ದು 2017ರ ಮಾರ್ಚ್ 30ರಂದು; 2025ರ ಹೊತ್ತಿಗೆ ಒಂದೇ ಬೂಸ್ಟರ್ 30ಕ್ಕೂ ಹೆಚ್ಚು ಬಾರಿ ಹೋಗಿಬಂದಿತ್ತು.

ವೀಕ್ಷಕಿ: ಮರುಬಳಕೆ ಹೊಸ ಕಲ್ಪನೆಯೇನೂ ಅಲ್ಲವಲ್ಲ. ಅಮೆರಿಕದ ಬಾಹ್ಯಾಕಾಶ ಷಟಲ್ 1981ರಿಂದ 2011ರವರೆಗೆ 135 ಬಾರಿ ಹಾರಿತು. ಕಲ್ಪನಾ ಚಾವ್ಲಾ ಅವರನ್ನು 1997ರಲ್ಲಿ ಕರೆದೊಯ್ದು ತಂದದ್ದೂ, 2003ರ ಫೆಬ್ರುವರಿ 1ರಂದು ಮರಳುವ ದಾರಿಯಲ್ಲಿ ಅವರನ್ನೂ ಇನ್ನಾರು ಜನರನ್ನೂ ಬಲಿ ತೆಗೆದುಕೊಂಡದ್ದೂ ಅದೇ ಕೊಲಂಬಿಯಾ ನೌಕೆ. ಅಷ್ಟು ದೀರ್ಘಕಾಲ ಬಳಕೆಯಲ್ಲಿದ್ದ ಮರುಬಳಕೆಯ ವಾಹನವು ಉಡಾವಣೆಯ ವೆಚ್ಚವನ್ನು ಏಕೆ ತಗ್ಗಿಸಲಿಲ್ಲ?

ತಂತ್ರಜ್ಞ: ಷಟಲ್ ಮರಳುತ್ತಿತ್ತು, ಆದರೆ ಪ್ರತಿ ಸಲ ಮರಳಿದ ಮೇಲೆ ಅದನ್ನು ಹೆಚ್ಚುಕಡಿಮೆ ಹೊಸದಾಗಿ ಕಟ್ಟಬೇಕಾಗುತ್ತಿತ್ತು. ಅದರ ಮೈಮೇಲಿದ್ದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಶಾಖನಿರೋಧಕ ಬಿಲ್ಲೆಗಳನ್ನು ಕೈಯಿಂದಲೇ ಪರೀಕ್ಷಿಸಬೇಕಿತ್ತು. ವರ್ಷಕ್ಕೆ ಹತ್ತಾರು ಯಾನಗಳೆಂಬ ಆರಂಭದ ಎಣಿಕೆ ಒಮ್ಮೆಯೂ ಕೈಗೂಡಲಿಲ್ಲ. ಅತಿ ಹೆಚ್ಚು ಹಾರಿದ 1985ರಲ್ಲಿ ಕೂಡ ಅದು ಒಂಬತ್ತನ್ನು ದಾಟಲಿಲ್ಲ. ಇಲ್ಲಿಯೇ ಮರುಬಳಕೆಯ ಅರ್ಥಶಾಸ್ತ್ರದ ಮರ್ಮ ಅಡಗಿದೆ: ಬಾಡಿಗೆಯ ಎತ್ತಿನ ಗಾಡಿಯಾಗಲಿ ರಾಕೆಟ್ಟಾಗಲಿ, ನಿತ್ಯ ಹೊರೆ ಸಿಕ್ಕಿದರೆ ಮಾತ್ರ ಅದರ ಮೂಲ ಬೆಲೆ ಹಂಚಿಹೋಗುತ್ತದೆ. ಬೂಸ್ಟರನ್ನು ಮರಳಿಸಲು ಇಂಧನವನ್ನು ಉಳಿಸಿಕೊಳ್ಳಬೇಕು, ರೆಕ್ಕೆ ಕಾಲುಗಳನ್ನು ಹೊರಬೇಕು, ಹೀಗಾಗಿ ಕಕ್ಷೆಗೆ ಒಯ್ಯಬಹುದಾದ ಭಾರ ಕಡಿಮೆಯಾಗುತ್ತದೆ. ಬಿಸಾಡಿದರೆ ಸುಮಾರು 22.8 ಟನ್ ಒಯ್ಯಬಲ್ಲ ಫಾಲ್ಕನ್-9, ಬೂಸ್ಟರನ್ನು ಕಡಲಿನ ಕಟ್ಟೆಯ ಮೇಲೆ ಇಳಿಸಿಕೊಂಡರೆ ಒಯ್ಯುವುದು ಹದಿನೇಳು ಟನ್ನಿನ ಆಸುಪಾಸು. ಈ ನಷ್ಟವನ್ನು ತುಂಬಿಕೊಡುವುದು ಯಾನಗಳ ಸಂಖ್ಯೆ ಮಾತ್ರ. ಆದರೆ ಲೋಕದಲ್ಲಿ ಅಷ್ಟು ಹೊರೆ ಎಲ್ಲಿತ್ತು? ಸರ್ಕಾರಗಳೂ ದೂರಸಂಪರ್ಕ ಕಂಪನಿಗಳೂ ಒಟ್ಟುಗೂಡಿದರೂ ವಾರಕ್ಕೆರಡು ರಾಕೆಟ್ಟುಗಳನ್ನು ತುಂಬುವಷ್ಟು ಉಪಗ್ರಹಗಳು ಇರಲಿಲ್ಲ.

ವೀಕ್ಷಕಿ: ಹಾಗಾದರೆ ಗಾಡಿಯವನೇ ಹೊರೆಯನ್ನೂ ಹುಟ್ಟಿಸಿಕೊಂಡನೆಂದು ಅರ್ಥ.

ತಂತ್ರಜ್ಞ: ಹಾಗೆಯೇ. ಸ್ಟಾರ್‌ಲಿಂಕ್ ಎಂಬ ಅಂತರ್ಜಾಲ ಉಪಗ್ರಹಗಳ ಸಮೂಹವನ್ನು ಸ್ಪೇಸ್‌ಎಕ್ಸ್ 2015ರ ಜನವರಿಯಲ್ಲಿ ಪ್ರಕಟಿಸಿತು. ಬೂಸ್ಟರ್ ಮೊದಲ ಬಾರಿಗೆ ಇಳಿದದ್ದು ಅದೇ ವರ್ಷದ ಕೊನೆಯಲ್ಲಿ. ಈ ಎರಡು ಕೆಲಸಗಳು ಒಂದೇ ಕಾಲದಲ್ಲಿ ಬೆಳೆದದ್ದು ಆಕಸ್ಮಿಕವಲ್ಲ, ಏಕೆಂದರೆ ಹಿಂದೆ ಇವುಗಳಲ್ಲಿ ಒಂದನ್ನೇ ಕೈಗೆತ್ತಿಕೊಂಡವರು ಎಡವಿದ್ದರು. 1990ರ ದಶಕದಲ್ಲಿ ಟೆಲಿಡೆಸಿಕ್ ಎಂಬ ಯೋಜನೆ ನೂರಾರು ಉಪಗ್ರಹಗಳಿಂದ ಅಂತರ್ಜಾಲ ಒದಗಿಸುವ ಕನಸು ಕಂಡು, ಬಿಲ್ ಗೇಟ್ಸ್ ಅವರಂಥವರ ಹಣವಿದ್ದೂ 2002ರಲ್ಲಿ ಕೆಲಸವನ್ನು ನಿಲ್ಲಿಸಿತು. ದೂರವಾಣಿಗಾಗಿ ಉಪಗ್ರಹಗಳನ್ನು ಹಾರಿಸಿಯೇಬಿಟ್ಟ ಇರಿಡಿಯಂ 1999ರಲ್ಲಿ ದಿವಾಳಿಯೆದ್ದು, ಬಳಿಕ ಬೇರೆಯವರ ಕೈಯಲ್ಲಿ ಚೇತರಿಸಿಕೊಂಡಿತು. ಅಗ್ಗದ ರಾಕೆಟ್ಟಿಲ್ಲದೆ ಉಪಗ್ರಹಗಳ ಸಮೂಹ ನಿಲ್ಲಲಿಲ್ಲ, ಸಾಕಷ್ಟು ಹೊರೆಯಿಲ್ಲದೆ ಮರುಬಳಕೆಯ ಷಟಲ್ ಅಗ್ಗವಾಗಲಿಲ್ಲ. 2024ರಲ್ಲಿ ಫಾಲ್ಕನ್ ರಾಕೆಟ್ಟುಗಳು 130ಕ್ಕೂ ಹೆಚ್ಚು ಬಾರಿ ಹಾರಿದವು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಹೊತ್ತದ್ದು ಸ್ಟಾರ್‌ಲಿಂಕ್ ಉಪಗ್ರಹಗಳನ್ನೇ.

ವೀಕ್ಷಕಿ: ಹಾಗಿದ್ದರೆ ಉತ್ಸಾಹಿಗಳು ಮಂಗಳ ಗ್ರಹದ ಯಾತ್ರೆಯ ಕನಸಿನಲ್ಲಿ ಚಪ್ಪಾಳೆ ತಟ್ಟುವ ಪ್ರತಿ ಇಳಿಯುವಿಕೆಯ ಹಿಂದೆ, ಎಲ್ಲಿಯೋ ಒಂದು ಹೊಲದ ಮನೆಯವರು ತಿಂಗಳು ತಿಂಗಳೂ ಕಟ್ಟುವ ಅಂತರ್ಜಾಲದ ಶುಲ್ಕವಿದೆ. ಇದನ್ನು ತಿಳಿದಾಗ ಉತ್ಸಾಹ ಕಡಿಮೆಯಾಗಬೇಕೆಂದೇನೂ ಇಲ್ಲ; ದೇಗುಲದ ಗೋಪುರವನ್ನು ನೋಡಿ ಕೈಮುಗಿಯುವವರು ಅದನ್ನು ಕಟ್ಟಿಸಿದ ಸುಂಕದ ಶಾಸನವನ್ನೂ ಓದಬಹುದು. ಆದರೆ ಇಷ್ಟೊಂದು ಉಪಗ್ರಹಗಳು ಏಕೆ ಬೇಕು ಎಂಬುದನ್ನು ಬಿಡಿಸಿ ಹೇಳಬೇಕು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಎಟಿಎಸ್-6 ಎಂಬ ಒಂದೇ ಒಂದು ಅಮೆರಿಕನ್ ಉಪಗ್ರಹವು ಭಾರತದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ತಲುಪಿಸಿತ್ತು. ಕರ್ನಾಟಕದಲ್ಲಿ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಅಂದು ಒಂದು ಸಾಕಾದ ಕೆಲಸಕ್ಕೆ ಇಂದು ಸಾವಿರಗಳೇಕೆ?

ತಂತ್ರಜ್ಞ: ಎಟಿಎಸ್-6 ಇದ್ದದ್ದು ಭೂಸ್ಥಿರ ಕಕ್ಷೆಯಲ್ಲಿ. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿ ಒಮ್ಮೆ ತಿರುಗುವಷ್ಟೇ ಹೊತ್ತಿನಲ್ಲಿ ಒಂದು ಸುತ್ತನ್ನು ಮುಗಿಸುವುದರಿಂದ, ಕೆಳಗಿನವರಿಗೆ ಆಕಾಶದಲ್ಲಿ ನಿಂತಲ್ಲೇ ನಿಂತಂತೆ ಕಾಣುತ್ತದೆ ಮತ್ತು ಭೂಮಿಯ ಮೂರನೆಯ ಒಂದು ಪಾಲನ್ನು ಏಕಕಾಲಕ್ಕೆ ನೋಡುತ್ತದೆ. ಪಾಠವನ್ನು ಮೇಲಿನಿಂದ ಕೆಳಕ್ಕೆ ಸುರಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಂತರ್ಜಾಲದ ಸ್ವಭಾವ ಬೇರೆ. ಅದು ಪ್ರಶ್ನೋತ್ತರದಂತೆ ಹೋಗಿ ಬರುವ ಮಾತು. ಬೆಳಕಿನ ವೇಗದಲ್ಲಿ ಹೋದರೂ ಪ್ರಶ್ನೆ ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡು ಬೇಕು. ಕೇಳಲು ಅಲ್ಪವೆನಿಸಿದರೂ, ವಿಡಿಯೊ ಮೂಲಕ ವೈದ್ಯರೊಡನೆ ಮಾತನಾಡುವವರಿಗೆ ಆ ಅರ್ಧ ಸೆಕೆಂಡು ಮಾತಿನ ಮೇಲೆ ಮಾತು ಬೀಳುವ ಗೊಂದಲವಾಗುತ್ತದೆ. ಉಪಗ್ರಹವನ್ನು 550 ಕಿಲೋಮೀಟರಿಗೆ ಇಳಿಸಿದರೆ ಈ ವಿಳಂಬ ಸೆಕೆಂಡಿನ ಕೆಲವೇ ನೂರನೆಯ ಭಾಗಗಳಿಗೆ ಇಳಿಯುತ್ತದೆ. ಆದರೆ ಅಷ್ಟು ಕೆಳಗಿರುವ ಉಪಗ್ರಹಕ್ಕೆ ಕಾಣುವ ನೆಲ ಚಿಕ್ಕದು, ಸೆಕೆಂಡಿಗೆ 7.6 ಕಿಲೋಮೀಟರ್ ವೇಗದಲ್ಲಿ ಓಡುತ್ತ ಅದು ಕೆಲವೇ ನಿಮಿಷಗಳಲ್ಲಿ ದಿಗಂತದಾಚೆ ಮುಳುಗುತ್ತದೆ, ಅದು ಮುಳುಗುವ ಮೊದಲು ಇನ್ನೊಂದು ಏರಿರಬೇಕು. ಆ ಎತ್ತರದಲ್ಲಿಯೂ ಗಾಳಿಯ ಅತಿ ತೆಳುವಾದ ಶೇಷವಿರುವುದರಿಂದ ಉಪಗ್ರಹಗಳು ಮೆಲ್ಲಗೆ ಕೆಳಗೆಳೆಯಲ್ಪಡುತ್ತವೆ. ಅವುಗಳ ಆಯುಷ್ಯ ಸುಮಾರು ಐದು ವರ್ಷ. ಈ ಬಲೆಯನ್ನು ಒಮ್ಮೆ ನೇಯ್ದು ಮುಗಿಸಲಾಗದು, ಒಂದು ಅಂಚು ಸವೆಯುತ್ತಿರುವಾಗ ಇನ್ನೊಂದು ಅಂಚನ್ನು ನೇಯುತ್ತಲೇ ಇರಬೇಕು.

ವೀಕ್ಷಕಿ: ಗಾಳಿಯ ಆ ತೆಳು ಶೇಷವೇ ಒಮ್ಮೆ ಕೈಕೊಟ್ಟದ್ದೂ ಉಂಟು. 2022ರ ಫೆಬ್ರುವರಿ 3ರಂದು ಹಾರಿದ 49 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಮೊದಲು ಇನ್ನೂ ಕೆಳಗಿನ ಕಕ್ಷೆಯಲ್ಲಿ ಬಿಟ್ಟಿದ್ದರು. ಮರುದಿನ ಸೂರ್ಯನಿಂದ ಬಂದ ಕಣಗಳ ಪ್ರವಾಹ ಭೂಮಿಯ ಕಾಂತಕ್ಷೇತ್ರವನ್ನು ಕಲಕಿ, ವಾತಾವರಣದ ಮೇಲಿನ ಪದರು ಬಿಸಿಯಾಗಿ ಉಬ್ಬಿ, ಸುಮಾರು 40 ಉಪಗ್ರಹಗಳು ಕೆಳಗೆ ಬಿದ್ದು ಉರಿದುಹೋದವು.

ತಂತ್ರಜ್ಞ: ಅಷ್ಟು ಕೆಳಗೆ ಬಿಡುವುದರ ಉದ್ದೇಶವೇ ಅದು: ಕೆಟ್ಟ ಉಪಗ್ರಹ ಮೇಲೆಯೇ ಉಳಿದು ಕಸವಾಗದೆ ಬೇಗ ಬಿದ್ದು ಸುಟ್ಟುಹೋಗಲಿ ಎಂದು. ಈ ಬಲೆಯ ಉಪಯೋಗವನ್ನು ಕಡಿಮೆ ಮಾಡಿ ನೋಡಬಾರದು. 2022ರ ಜನವರಿ 15ರಂದು ಶಾಂತಸಾಗರದ ಟೊಂಗಾ ದ್ವೀಪಗಳ ಬಳಿ ಅಗ್ನಿಪರ್ವತ ಸ್ಫೋಟಿಸಿ, ಆ ದೇಶವನ್ನು ಲೋಕದೊಂದಿಗೆ ಜೋಡಿಸಿದ್ದ ಕಡಲತಳದ ಕೇಬಲ್ ತುಂಡಾಯಿತು. ಕೇಬಲ್ ದುರಸ್ತಿಗೆ ವಾರಗಳೇ ಹಿಡಿದ ಆ ಹೊತ್ತಿನಲ್ಲಿ ಹೊರ ದ್ವೀಪಗಳ ಜನರಿಗೆ ಸ್ಟಾರ್‌ಲಿಂಕ್‌ನ ತಟ್ಟೆಯಾಕಾರದ ಆಂಟೆನಾಗಳ ಸಹಾಯ ದೊರಕಿತು. ಯುಕ್ರೇನಿನಲ್ಲಿ ಯುದ್ಧ ಆರಂಭವಾದಾಗ ಆಸ್ಪತ್ರೆಗಳೂ ಸೈನ್ಯವೂ ಇದರ ಮೇಲೆಯೇ ನಿಂತವು, ಮತ್ತು ಒಂದು ದೇಶದ ಸಂಪರ್ಕವು ಒಂದು ಖಾಸಗಿ ಕಂಪನಿಯ ತೀರ್ಮಾನದ ಮೇಲೆ ನಿಲ್ಲುವುದು ಎಷ್ಟು ಗಂಭೀರವಾದದ್ದು ಎಂಬುದೂ ಅಲ್ಲಿಯೇ ಲೋಕಕ್ಕೆ ತಿಳಿಯಿತು. ಹಳ್ಳಿಯ ಶಾಲೆಯ ಅಂಗಳದಲ್ಲಿ ಎಲ್ಲರೂ ಕೂತು ನೋಡುತ್ತಿದ್ದ 1975ರ ಆ ಪೆಟ್ಟಿಗೆ ಸಾರ್ವಜನಿಕವಾಗಿತ್ತು. ಇಂದಿನ ತಟ್ಟೆ ಒಂದೊಂದು ಮನೆಯದು. ಈ ವ್ಯತ್ಯಾಸದ ಬಗ್ಗೆ ಇನ್ನೂ ಹೆಚ್ಚು ಚರ್ಚೆ ನಡೆಯಬೇಕಿತ್ತು.

ವೀಕ್ಷಕಿ: ಭಾರತದ ಸಂಸ್ಥೆಗಳಿಗೂ ಈ ಮರಳುವ ರಾಕೆಟ್ಟಿಗೂ ಆಗಲೇ ಸಂಬಂಧ ಬೆಳೆದಿದೆ.

ತಂತ್ರಜ್ಞ: ಹೌದು, ಅದೂ ಎರಡೂ ದಿಕ್ಕಿನಲ್ಲಿ. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ, ಈಶಾನ್ಯ ರಾಜ್ಯಗಳೂ ಸೇರಿದಂತೆ ದೇಶದ ದೂರದ ಊರುಗಳಿಗೆ ಅಂತರ್ಜಾಲ ತಲುಪಿಸಲೆಂದು ಕಟ್ಟಿದ ಜಿಸ್ಯಾಟ್-ಎನ್2 ಉಪಗ್ರಹ 4,700 ಕಿಲೋಗ್ರಾಂ ತೂಗುತ್ತಿತ್ತು. ಭೂಸ್ಥಿರ ಕಕ್ಷೆಯ ದಾರಿಗೆ ಅಷ್ಟು ಭಾರವನ್ನು ಒಯ್ಯುವುದು ಇಸ್ರೊದ ಅತಿ ಬಲಿಷ್ಠ ರಾಕೆಟ್ಟಾದ ಎಲ್‌ವಿಎಂ-3ರ ಸಾಮರ್ಥ್ಯಕ್ಕೆ ಮೀರಿದ್ದರಿಂದ, ಭಾರತದ ಗಡಿಯಾರದಂತೆ 2024ರ ನವೆಂಬರ್ 19ರ ಮೊದಲ ನಿಮಿಷಗಳಲ್ಲಿ ಅದು ಕೇಪ್ ಕೆನಾವರಲ್‌ನಿಂದ ಫಾಲ್ಕನ್-9ರ ಮೇಲೆ ಏರಿತು. ಇದಕ್ಕೆ ಎದುರು ಪ್ರಸಂಗವೂ ಇದೆ: ಸ್ಟಾರ್‌ಲಿಂಕ್‌ಗೆ ಪೈಪೋಟಿಯಾದ ಒನ್‌ವೆಬ್ ಸಮೂಹದ ಉಪಗ್ರಹಗಳು ಯುದ್ಧದ ಕಾರಣ ರಷ್ಯದ ರಾಕೆಟ್ಟುಗಳನ್ನು ಕಳೆದುಕೊಂಡಾಗ, 2022ರ ಅಕ್ಟೋಬರಿನಲ್ಲಿ 36, 2023ರ ಮಾರ್ಚಿನಲ್ಲಿ 36 ಉಪಗ್ರಹಗಳನ್ನು ಶ್ರೀಹರಿಕೋಟದಿಂದ ಎಲ್‌ವಿಎಂ-3 ಮೇಲಕ್ಕೊಯ್ದಿತು. ಇನ್ನು, 2025ರ ಜೂನ್ 25ರಂದು ಫಾಲ್ಕನ್-9ರ ತುದಿಯಲ್ಲಿ ಕುಳಿತು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಶುಭಾಂಶು ಶುಕ್ಲಾ ಅವರ ಪ್ರಯೋಗಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಪಾಲ್ಗೊಂಡ, ಹೆಸರು ಮತ್ತು ಮೆಂತ್ಯದ ಕಾಳುಗಳನ್ನು ಮೊಳಕೆಯೊಡೆಸುವ ಪ್ರಯೋಗವೂ ಇತ್ತು.

ವೀಕ್ಷಕಿ: ಹೆಸರುಕಾಳು ಬಾಹ್ಯಾಕಾಶದಲ್ಲಿ ಮೊಳಕೆಯೊಡೆಯುವ ಸುದ್ದಿ ಧಾರವಾಡದ ಶಾಲೆಯ ಮಕ್ಕಳಲ್ಲಿ ಹುಟ್ಟಿಸುವ ಕುತೂಹಲ ದೊಡ್ಡದು, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಈಗ ಇನ್ನೊಂದು ಬದಿ. 2019ರ ಮೇ ತಿಂಗಳಲ್ಲಿ ಮೊದಲ 60 ಸ್ಟಾರ್‌ಲಿಂಕ್ ಉಪಗ್ರಹಗಳು ಕಕ್ಷೆ ಸೇರಿದ ಮರುರಾತ್ರಿ, ಯುರೋಪಿನ ಆಕಾಶದಲ್ಲಿ ಮುತ್ತಿನ ಸರದಂತೆ ಒಂದರ ಹಿಂದೊಂದು ಸಾಗಿದ ಬೆಳಕಿನ ಚುಕ್ಕೆಗಳನ್ನು ಕಂಡು ಎಷ್ಟೋ ಜನ ಬೆರಗಾದರು, ಖಗೋಳ ವಿಜ್ಞಾನಿಗಳು ಬೆಚ್ಚಿದರು. ಸೂರ್ಯ ಮುಳುಗಿ ನೆಲ ಕತ್ತಲಾದ ಮೇಲೂ 550 ಕಿಲೋಮೀಟರ್ ಎತ್ತರದಲ್ಲಿರುವ ವಸ್ತುವಿನ ಮೇಲೆ ಬಿಸಿಲು ಬೀಳುತ್ತಲೇ ಇರುವುದರಿಂದ, ಮುಸ್ಸಂಜೆ ಮತ್ತು ನಸುಕಿನ ಗಂಟೆಗಳಲ್ಲಿ ಇವು ಹೊಳೆಯುತ್ತವೆ. ಭೂಮಿಯತ್ತ ಬರುವ ಕ್ಷುದ್ರಗ್ರಹಗಳಲ್ಲಿ ಸೂರ್ಯನ ದಿಕ್ಕಿಗೆ ಹತ್ತಿರವಾದವನ್ನು ಹುಡುಕುವುದೂ ಇದೇ ಗಂಟೆಗಳಲ್ಲಿ. ದೂರದರ್ಶಕದ ಕ್ಯಾಮೆರಾ ನಿಮಿಷಗಟ್ಟಲೆ ಕಣ್ಣು ತೆರೆದಿರುವಾಗ ಒಂದು ಉಪಗ್ರಹ ಹಾದುಹೋದರೆ ಚಿತ್ರದ ಮೇಲೆ ಬಿಳಿಯ ಗೀರು ಉಳಿಯುತ್ತದೆ. ಉಪಗ್ರಹಗಳಿಗೆ ಕಪ್ಪು ಲೇಪ ಬಳಿದು, ಬಿಸಿಲಿಗೆ ಮರೆ ಕಟ್ಟಿ, ಬೆಳಕನ್ನು ಬೇರೆಡೆಗೆ ಹೊರಳಿಸುವ ಹಾಳೆ ಅಂಟಿಸಿ ಹೊಳಪನ್ನು ತಗ್ಗಿಸುವ ಪ್ರಯತ್ನಗಳು ನಡೆದಿವೆ, ಅವುಗಳಿಂದ ಪ್ರಯೋಜನವೂ ಆಗಿದೆ. ಆದರೂ ಸಂಖ್ಯೆ ಬೆಳೆಯುತ್ತಿರುವ ವೇಗವು ಹೊಳಪು ಇಳಿಯುವ ವೇಗವನ್ನು ಮೀರಿದೆ.

ತಂತ್ರಜ್ಞ: ಇಲ್ಲಿ ಒಂದು ವಿಪರ್ಯಾಸವನ್ನು ನೆನೆಯಬೇಕು. ಲಡಾಖಿನ ಹಾನ್ಲೆಯಲ್ಲಿ ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ನಡೆಸುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದ, ಅದೂ ಉಪಗ್ರಹ ಸಂಪರ್ಕದ ಮೂಲಕ. ಹೊಸಕೋಟೆಯ ಕೋಣೆಯಲ್ಲಿ ಕುಳಿತವರು ಹಾನ್ಲೆಯ ನಕ್ಷತ್ರಗಳನ್ನು ನೋಡಲು ಆಕಾಶದಲ್ಲಿ ಉಪಗ್ರಹವೊಂದು ಇರಲೇಬೇಕು.

ವೀಕ್ಷಕಿ: ಒಂದು ಉಪಗ್ರಹ ಇರುವುದಕ್ಕೂ ಹತ್ತು ಸಾವಿರ ಇರುವುದಕ್ಕೂ ನಡುವೆ ಎಲ್ಲಿಯೋ ಗೆರೆ ಎಳೆಯಬೇಕು, ಆ ಗೆರೆಯನ್ನು ಎಳೆಯುವವರು ಯಾರು ಎಂಬುದೇ ಪ್ರಶ್ನೆ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಬಾಹ್ಯಾಕಾಶವನ್ನು ತನ್ನದೆಂದು ಸಾಧಿಸುವಂತಿಲ್ಲ. ಆದರೆ ಯಾರು ಎಷ್ಟು ಉಪಗ್ರಹಗಳನ್ನು ಇಡಬಹುದು ಎಂಬುದಕ್ಕೆ ಅದರಲ್ಲಿ ಮಿತಿಯಿಲ್ಲ. ರೇಡಿಯೊ ಅಲೆಗಳ ಹಂಚಿಕೆಯಲ್ಲಿ ಮೊದಲು ಅರ್ಜಿ ಹಾಕಿದವರಿಗೆ ಆದ್ಯತೆ ಸಲ್ಲುತ್ತದೆ. ಹಳ್ಳಿಯ ಗೋಮಾಳವನ್ನು ಬಲ್ಲವರಿಗೆ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ: ಯಾರದೂ ಅಲ್ಲದ್ದರಿಂದ ಎಲ್ಲರದೂ ಆಗಿರುವ ಹುಲ್ಲಿನ ಬಯಲಿಗೆ ಒಬ್ಬ ದೊಡ್ಡ ಹಿಂಡಿನವನು ಎಲ್ಲರಿಗಿಂತ ಮೊದಲು ಬಂದು ನಿಂತರೆ, ಅವನು ಯಾವ ನಿಯಮವನ್ನೂ ಮುರಿಯದೆಯೇ ಉಳಿದವರ ಪಾಲು ಕರಗಿಹೋಗುತ್ತದೆ.

ತಂತ್ರಜ್ಞ: ಉಪಮೆ ಹೊಂದುತ್ತದೆ, ಒಂದು ಭೇದದೊಂದಿಗೆ. ಗೋಮಾಳದಲ್ಲಿ ಮೇದ ಹುಲ್ಲು ಮಳೆ ಬಂದರೆ ಚಿಗುರುತ್ತದೆ. ಕಕ್ಷೆಯಲ್ಲಿ ಒಮ್ಮೆ ಡಿಕ್ಕಿಯಾದರೆ ಆ ಚೂರುಗಳೇ ಮುಂದಿನ ಡಿಕ್ಕಿಗಳಿಗೆ ಕಾರಣವಾಗಬಹುದು ಎಂದು ನಾಸಾದ ಡೊನಾಲ್ಡ್ ಕೆಸ್ಲರ್ ತಮ್ಮ ಸಹೋದ್ಯೋಗಿಯೊಡನೆ 1978ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು. 2009ರ ಫೆಬ್ರುವರಿ 10ರಂದು ಇರಿಡಿಯಂನ ಒಂದು ಉಪಗ್ರಹಕ್ಕೆ ರಷ್ಯದ ನಿರ್ಜೀವ ಉಪಗ್ರಹ ಡಿಕ್ಕಿ ಹೊಡೆದು, ಗುರುತಿಸಬಲ್ಲ ಗಾತ್ರದ ಎರಡು ಸಾವಿರದಷ್ಟು ಚೂರುಗಳು ಚದುರಿದವು. 550 ಕಿಲೋಮೀಟರಿನಲ್ಲಿ ಗಾಳಿ ಕಸವನ್ನು ಕೆಲವು ವರ್ಷಗಳಲ್ಲಿ ಗುಡಿಸಿಹಾಕುತ್ತದೆ ಎಂಬುದು ಸಮಾಧಾನ. 1,200 ಕಿಲೋಮೀಟರಿನಲ್ಲಿ ಸುತ್ತುವ ಸಮೂಹಗಳಿಗೆ ಆ ಸಮಾಧಾನವಿಲ್ಲ. ಸುಟ್ಟುಹೋದದ್ದೂ ಪೂರ್ತಿಯಾಗಿ ಇಲ್ಲವಾಗುವುದಿಲ್ಲ. ಉರಿದ ಉಪಗ್ರಹಗಳ ಮತ್ತು ರಾಕೆಟ್ಟುಗಳ ಅಲ್ಯೂಮಿನಿಯಂ ಮುಂತಾದ ಲೋಹಗಳ ಕಣಗಳು ವಾಯುಮಂಡಲದ ಎತ್ತರದ ಪದರೊಂದರಲ್ಲಿ ಸೇರಿಕೊಂಡಿರುವುದನ್ನು ವಿಮಾನದಿಂದ ಮಾದರಿ ಸಂಗ್ರಹಿಸಿದ ವಿಜ್ಞಾನಿಗಳು 2023ರಲ್ಲಿ ವರದಿ ಮಾಡಿದ್ದಾರೆ. ಬೂಸ್ಟರ್ ಮರಳಿ ಬಂದರೂ ಪ್ರತಿ ಯಾನದಲ್ಲಿಯೂ ಮೇಲಿನ ಹಂತ ನಾಶವಾಗುತ್ತದೆ ಎಂಬುದನ್ನೂ ಸೇರಿಸಿಕೊಂಡರೆ, ಮರುಬಳಕೆ ಎಂಬ ಮಾತು ಸದ್ಯಕ್ಕೆ ಅರ್ಧ ಸತ್ಯವೆನ್ನಬೇಕು.

ವೀಕ್ಷಕಿ: ಗೋಮಾಳದ ಮಾತು ಬರಿಯ ಉಪಮೆಯೂ ಅಲ್ಲ. ಇಸ್ರೊ ತನ್ನದೇ ಆದ, ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ಇಳಿಸಿ ಪರೀಕ್ಷಿಸಿದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ. 2023ರ ಏಪ್ರಿಲ್ 2ರಂದು, ಬಳಿಕ 2024ರ ಮಾರ್ಚ್ 22 ಮತ್ತು ಜೂನ್ 23ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು 4.5 ಕಿಲೋಮೀಟರ್ ಎತ್ತರಕ್ಕೆ ಎತ್ತಿ ಕೈಬಿಟ್ಟಿತು, ಪುಷ್ಪಕ್ ಎಂದು ಹೆಸರಿಟ್ಟ ಆ ವಾಹನ ಯಾರ ನೆರವೂ ಇಲ್ಲದೆ ದಾರಿ ಹುಡುಕಿಕೊಂಡು ಬಂದು, ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡುದಾರಿಯನ್ನು ಮುಟ್ಟಿ, ಪ್ಯಾರಾಚೂಟ್ ಬಿಚ್ಚಿ ನಿಂತಿತು. ನೋಡಿದವರಿಗೆ ಹೆಮ್ಮೆಯಾಯಿತು, ಆಗಲೇಬೇಕಾದ ಹೆಮ್ಮೆ ಅದು. ಆ ಸೀಮೆಯಲ್ಲಿ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಮತ್ತು ವಿಜ್ಞಾನದ ಸಂಸ್ಥೆಗಳಿಗೆ ಹಂಚಿದ ಸುಮಾರು ಹತ್ತು ಸಾವಿರ ಎಕರೆ ನೆಲವು ಅಮೃತಮಹಲ್ ಕಾವಲುಗಳಿಗೆ ಸೇರಿತ್ತು. ಮೈಸೂರು ಅರಸರ ಸೈನ್ಯದ ಸಾಮಾನು ಎಳೆಯುತ್ತಿದ್ದ ಅಮೃತಮಹಲ್ ತಳಿಯ ಎತ್ತುಗಳಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲುಗಳವು. ಸುತ್ತಲಿನ ಹಳ್ಳಿಗಳ ದನಕುರಿಗಳಿಗೂ, ಕುರಿಯ ಉಣ್ಣೆಯಿಂದ ಕಂಬಳಿ ನೇಯುವ ಕುಟುಂಬಗಳಿಗೂ, ಕೃಷ್ಣಮೃಗಕ್ಕೂ ಆಸರೆಯಾಗಿದ್ದವು. ಬೇಲಿ ಬಿದ್ದಾಗ ಹಳ್ಳಿಗರು ಪ್ರತಿಭಟಿಸಿದರು, ಪರಿಸರದ ಪರವಾಗಿ ಕೆಲಸ ಮಾಡುವವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದರು. ಕಾಗದದ ಮೇಲೆ ಸರ್ಕಾರದ್ದಾಗಿದ್ದ ನೆಲದಲ್ಲಿ ಮೇಯಿಸುವವರ ಹಕ್ಕು ರೂಢಿಯಲ್ಲಿ ಮಾತ್ರ ಇತ್ತು. ರೂಢಿಯ ಹಕ್ಕನ್ನು ಎಣಿಸುವ ವಹಿ ಯಾವ ಕಚೇರಿಯಲ್ಲಿಯೂ ಇರಲಿಲ್ಲ.

ತಂತ್ರಜ್ಞ: ರಾತ್ರಿಯ ಆಕಾಶವನ್ನು ನೋಡುವ ಹಕ್ಕೂ ಅಂಥ ರೂಢಿಯ ಹಕ್ಕೇ ಎಂಬುದು ಈ ಮಾತಿನ ಒಳದಾರಿ ಎಂದು ತೋರುತ್ತದೆ.

ವೀಕ್ಷಕಿ: ಹೌದು. ಮೃಗಶಿರೆಯನ್ನೂ ಕೃತ್ತಿಕೆಯನ್ನೂ ನೋಡಿ ಹೊತ್ತು ಹೇಳುತ್ತಿದ್ದ ಕುರಿಗಾಹಿಗೆ ಆಕಾಶ ಯಾರೂ ಬರೆದುಕೊಟ್ಟ ಆಸ್ತಿಯಾಗಿರಲಿಲ್ಲ. ರಾಕೆಟ್ಟಿನ ಬಗ್ಗೆ ನಿಜವಾದ ಪ್ರೀತಿ ಇರುವವರೇ ಈ ಹಕ್ಕಿನ ಪರವಾಗಿ ಮಾತನಾಡಬೇಕಾಗಿದೆ, ಏಕೆಂದರೆ ಮೇಲೆ ನಡೆಯುವುದನ್ನು ದಿನದಿನವೂ ಗಮನಿಸುವವರು ಅವರೇ. ಯಾವ ಬೂಸ್ಟರ್ ಎಷ್ಟನೆಯ ಬಾರಿ ಹಾರಿತೆಂಬುದನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡವರಿಗೆ, ಅದು ಬಿಟ್ಟುಬಂದ ಉಪಗ್ರಹಗಳ ಲೆಕ್ಕವನ್ನು ಇಟ್ಟುಕೊಳ್ಳುವುದು ಹೊಸ ಶ್ರಮವಲ್ಲ. ಬೆಂಕಿಯನ್ನು ನೋಡುವ ಕೆಲವು ನಿಮಿಷಗಳ ಆಚೆಗೆ, ಉಪಗ್ರಹ ಮೇಲಿರುವ ಐದು ವರ್ಷಗಳನ್ನೂ ಉತ್ಸಾಹ ಒಳಗೊಳ್ಳಬೇಕು.

ತಂತ್ರಜ್ಞ: ಹೊರಗಿನವರ ಹಿಂಡನ್ನು ದೂರುವ ಕಾಲವೂ ಹೆಚ್ಚು ದಿನ ಉಳಿಯದು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಹೊಸ ಪೀಳಿಗೆಯ ಉಡಾವಣಾ ವಾಹನಕ್ಕೆ 8,240 ಕೋಟಿ ರೂಪಾಯಿಗಳ ಮಂಜೂರಾತಿ ನೀಡಿದೆ. ಅದರ ಮೊದಲ ಹಂತ ಮರುಬಳಕೆಯದು, ಕೆಳ ಭೂಕಕ್ಷೆಗೆ 30 ಟನ್ ಒಯ್ಯುವುದು ಗುರಿ, ಎಂಟು ವರ್ಷ ಅವಧಿ. ಅದು ಹಾರತೊಡಗಿದ ಮೇಲೆ ಅದಕ್ಕೂ ನಿತ್ಯದ ಹೊರೆ ಬೇಕಾಗುತ್ತದೆ, ಆ ಹೊರೆ ಬಹುಶಃ ಇಂಥ ಉಪಗ್ರಹಗಳದ್ದೇ ಆಗಿರುತ್ತದೆ.

ವೀಕ್ಷಕಿ: ಆ ಎಂಟು ವರ್ಷಗಳಲ್ಲಿ ಆಕಾಶದ ಪಾಲಿನ ವಹಿಯನ್ನು ಬರೆಯುವವರು ಯಾರು?

ತಂತ್ರಜ್ಞ: ಎಣಿಕೆಯ ಕೆಲಸ ಆಗಲೇ ನಡೆಯುತ್ತಿದೆ. ಪೀಣ್ಯದಲ್ಲಿರುವ ಇಸ್ರೊದ ಇಸ್ಟ್ರಾಕ್ ಆವರಣದಲ್ಲಿ 2020ರ ಡಿಸೆಂಬರಿನಲ್ಲಿ ಆರಂಭವಾದ ನೇತ್ರ ನಿಯಂತ್ರಣ ಕೇಂದ್ರವು ಭಾರತದ ಉಪಗ್ರಹಗಳ ಹತ್ತಿರ ಏನೇನು ಹಾದುಹೋಗುತ್ತಿದೆ ಎಂಬುದನ್ನು ಗಮನಿಸಿ ಎಚ್ಚರಿಸುತ್ತದೆ. ಬೆಂಗಳೂರಿನದೇ ಆದ ದಿಗಂತರ ಎಂಬ ಕಂಪನಿ ಕಕ್ಷೆಯ ಕಸವನ್ನು ಕಕ್ಷೆಯಿಂದಲೇ ನೋಡುವ ಉಪಗ್ರಹವನ್ನು 2025ರ ಜನವರಿ 14ರಂದು ಫಾಲ್ಕನ್-9ರಲ್ಲಿ ಮೇಲಕ್ಕೆ ಕಳಿಸಿತು. ಎಣಿಸುವುದೆಂದರೆ ಹಂಚುವುದಲ್ಲ ಎಂಬುದು ನಿಜ. ಆದರೆ ಚಳ್ಳಕೆರೆಯ ಕಾವಲಿನಲ್ಲಿ ಬೇಲಿ ಬೀಳುವ ಮೊದಲು ಅಷ್ಟಾದರೂ ನಡೆದಿರಲಿಲ್ಲ.